ಸೀಸೆ ಮಾವನ ಕಿಟಕಿ

ನನ್ನ ಸೋದರಮಾವನ ಕೋಟಿನ ಎಡಜೇಬಿನಲ್ಲಿ ಸದಾ ಒಂದು ಸೀಸೆ ಇರುತ್ತಿತ್ತು. ಗೇಣಿಗಿಂತ ಚಿಕ್ಕದು, ತಿಳಿಗಾಜಿನದು, ಸಪೂರ ಕತ್ತಿನದು. ಅವರು ಹೆಜ್ಜೆಯಿಟ್ಟಾಗಲೆಲ್ಲ ಅದು ಪಕ್ಕದ ಸ್ಪ್ಯಾನರಿಗೆ ತಗುಲಿ ಟಿಣ್ ಟಿಣ್ ಎನ್ನುತ್ತಿದ್ದುದರಿಂದ, ಅವರಿನ್ನೂ ಬೀದಿಯ ತಿರುವಿನಲ್ಲಿರುವಾಗಲೇ ನಮ್ಮ ಮನೆಯಲ್ಲಿ ಚಹದ ನೀರು ಒಲೆಯೇರುತ್ತಿತ್ತು. ಪರಿಚಯವಿಲ್ಲದವರು ಆ ನಾದಕ್ಕೆ ಬೇರೆಯೇ ಅರ್ಥ ಕಲ್ಪಿಸಿ, ಪಾಪ, ಹಾಡುಹಗಲೇ ಶುರುವಾಗಿದೆ ಎಂದು ಮರುಗುತ್ತಿದ್ದರು. ಒಮ್ಮೆ ಬಸ್ಸಿನಲ್ಲಿ ಹಿರಿಯರೊಬ್ಬರು ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಅರ್ಧ ಗಂಟೆ ಬುದ್ಧಿ ಹೇಳಿದ್ದರಂತೆ. ಮಾವ ಎಲ್ಲವನ್ನೂ ತಲೆಯಾಡಿಸುತ್ತ ಕೇಳಿ, ಇಳಿಯುವ ಹೊತ್ತಿಗೆ ಸೀಸೆಯನ್ನು ಹೊರತೆಗೆದು, "ನೀವು ಹೇಳಿದ್ದೆಲ್ಲ ಸರಿ ಸ್ವಾಮಿ. ಆದ್ರೆ ಇದನ್ನ ಕುಡಿಯೋದು ನಾನಲ್ಲ, ಲಾರಿ" ಎಂದರಂತೆ. ಒಳಗಿದ್ದದ್ದು ಡೀಸೆಲ್. ಊರವರ ಬಾಯಲ್ಲಿ ಅವರು ಸೀಸೆ ಮೆಕ್ಯಾನಿಕ್. ನಮಗೆ ಸೀಸೆ ಮಾವ.

ಡೀಸೆಲ್ ಎಂಜಿನುಗಳ ಪಂಪು ಮತ್ತು ಎಣ್ಣೆ ಚಿಮ್ಮಿಸುವ ನಾಜಲ್ ರಿಪೇರಿ ಅವರ ಕಸುಬು. ಓಡಲೊಲ್ಲದ ಗಾಡಿ, ಓಡಿದರೂ ಕರಿಹೊಗೆ ಕಾರುವ ಗಾಡಿ, ಏರು ಬಂದೊಡನೆ ಏದುಸಿರು ಬಿಡುವ ಗಾಡಿ, ಯಾವುದೇ ಬರಲಿ, ಅವರು ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಟ್ಯಾಂಕಿನ ತಳದಿಂದ ಒಂದು ಸೀಸೆ ಡೀಸೆಲ್ ಹಿಡಿದು, ಬಿರಡೆ ಹಾಕಿ, ಕಿಟಕಿಯ ಕಟ್ಟೆಯ ಮೇಲೆ ಬೆಳಕಿಗೆ ಎದುರಾಗಿ ಇಡುವುದು. ಕೈ ತೊಳೆದು ಸ್ಟೂಲಿನ ಮೇಲೆ ಕೂತುಬಿಡುವುದು. ಗಾಡಿಯ ಯಜಮಾನ ಹೊರಗೆ ಚಡಪಡಿಸುತ್ತಿದ್ದರೆ ಇವರದು ಒಂದೇ ಮಾತು: "ನಿಲ್ಲಲಿ. ನಿಂತ್ರೆ ತಾನೇ ಬಾಯಿ ಬಿಡುತ್ತೆ." ನಿಜಕ್ಕೂ ಬಾಯಿ ಬಿಡುತ್ತಿತ್ತು. ನೀರಿದ್ದರೆ ಮೆಲ್ಲನೆ ಕೆಳಗಿಳಿದು ತಳದಲ್ಲಿ ಬೇರೆಯಾಗಿ ಕೂರುವುದು, ತುಕ್ಕಿದ್ದರೆ ಕೆಂಪು ಪುಡಿಯಾಗಿ ಅದರ ಕೆಳಗೆ, ಕಸವಿದ್ದರೆ ನಡುವೆ ತೇಲುತ್ತ. ಹತ್ತು ಜನ ಹತ್ತು ಬಗೆಯಾಗಿ ಹೇಳಿದ ರೋಗವನ್ನು ಆ ಸೀಸೆ ಇಪ್ಪತ್ತು ನಿಮಿಷದಲ್ಲಿ ಪದರ ಪದರವಾಗಿ ಬಿಡಿಸಿಡುತ್ತಿತ್ತು.

ಮಾವನ ನಡಿಗೆಯೂ ಹಾಗೆಯೇ, ಅಳೆದು ಸುರಿದಂತೆ. ಯಾವ ಗಾಡಿಯ ಹತ್ತಿರವೂ ಅವರು ನೇರವಾಗಿ ಹೋದದ್ದನ್ನು ನಾನು ಕಂಡಿಲ್ಲ. ಮೂರು ಮಾರು ದೂರದಲ್ಲಿ ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಂದು ಸುತ್ತು ಬರುತ್ತಿದ್ದರು. "ಮೊದಲು ಕಣ್ಣು ಮುಗಿಸಲಿ, ಆಮೇಲೆ ಕೈ" ಎಂಬುದು ಅವರ ನೇಮ. ಸುತ್ತು ಮುಗಿದ ಮೇಲೆ ಒಂದು ಪ್ರಶ್ನೆ, ವೈದ್ಯರು ನಾಲಿಗೆ ಚಾಚಲು ಹೇಳುವಷ್ಟೇ ಸಹಜವಾಗಿ ಅದು ಬರುತ್ತಿತ್ತು: "ಕೊನೇಲಿ ಇದಕ್ಕೆ ಯಾರು ಕೈ ಹಾಕಿದ್ದು?" ಎಂಜಿನು ತಾನಾಗಿ ಕೆಡುವುದಿಲ್ಲವೆಂದು ಅವರು ಗಾಢವಾಗಿ ನಂಬಿದ್ದರು. ಸವೆಯುತ್ತದೆ, ಹಳತಾಗುತ್ತದೆ, ಆದರೆ ಕೆಡುವುದು ಮಾತ್ರ ಯಾರೋ ಒಳ್ಳೆಯದಾಗಲೆಂದು ಏನನ್ನೋ ಮಾಡಿದಾಗ.

ಅವರ ರಿಪೇರಿಕೋಣೆಗೆ ಚಪ್ಪಲಿ ಬಿಟ್ಟು ಬರಬೇಕಿತ್ತು. ಪಂಪಿನ ಒಳಗಿನ ಉಕ್ಕಿನ ಕಡ್ಡಿಗಳು ತಲೆಕೂದಲಿಗಿಂತ ಎಷ್ಟೋ ಪಾಲು ಸೂಕ್ಷ್ಮವಾದ ಸಂದಿನಲ್ಲಿ ಓಡಾಡುವಂಥವು. ಒಂದು ಧೂಳಿನ ಕಣ ಸಾಕು, ಗೀರಿಬಿಡುತ್ತದೆ. ಹಾಗಾಗಿ ನೆಲ ಒರೆಸಿ ಒರೆಸಿ ಹೊಳೆಯುತ್ತಿತ್ತು, ಬೂದುಬಣ್ಣದ ಆ ಉದ್ದ ಕೋಟು ದಿನವೂ ಸಂಜೆ ಒಗೆಸಿಕೊಂಡು ಬೆಳಿಗ್ಗೆ ಮಡಿಕೆಗಳೊಡನೆ ಹಾಜರಾಗುತ್ತಿತ್ತು. ಮೆಕ್ಯಾನಿಕ್ಕಿನ ಕೈಯೆಂದು ಹೇಳಲು ಅವರಲ್ಲಿದ್ದ ಗುರುತು ಒಂದೇ: ಎಡಗೈ ಹೆಬ್ಬೆರಳ ಮೇಲೆ, ಉಗುರಿನ ಬುಡದಿಂದ ತುದಿಯ ಮೆತ್ತೆಯವರೆಗೆ ಓರೆಯಾಗಿ ಹಾದುಹೋದ ಹಳೆಯ ಗಾಯದ ಗೆರೆ. ಕೆಲಸ ಕಲಿಯುವ ದಿನಗಳಲ್ಲಿ ಫ್ಯಾನಿನ ಅಲಗು ಕೊಟ್ಟ ಪ್ರಶಸ್ತಿಪತ್ರ ಎಂದು ಅವರೇ ಹೇಳುತ್ತಿದ್ದರು.

ಇನ್ನು ಆ ಕಿಟಕಿಯ ಕಟ್ಟೆ. ವಿಶೇಷ ಪ್ರಕರಣಗಳ ಸೀಸೆಗಳನ್ನು ಅವರು ಚೆಲ್ಲದೆ ಅಲ್ಲೇ ಸಾಲಾಗಿ ಉಳಿಸಿಕೊಂಡಿದ್ದರು. ಪ್ರತಿಯೊಂದಕ್ಕೂ ಒಂದು ಚೀಟಿ, ಚೀಟಿಯ ಮೇಲೆ ತಾರೀಖು ಮತ್ತು ಅಪರಾಧಿಯ ಕಸುಬು: 'ಬೇಕರಿಯವರದು', 'ಮೇಷ್ಟರದು', 'ಗಡಿಯಾರದಂಗಡಿಯವರದು'. ಇವುಗಳಲ್ಲಿ 'ಡಾಕ್ಟರದು' ಎಂಬುದು ಎಲ್ಲಕ್ಕಿಂತ ಪ್ರಸಿದ್ಧ. ನಮ್ಮ ಬಡಾವಣೆಯ ಡಾಕ್ಟರ ಜೀಪು ನೇರವಾಗಿ ಚೆನ್ನಾಗಿ ಓಡುತ್ತಿತ್ತು, ಬಲಕ್ಕೂ ತಿರುಗುತ್ತಿತ್ತು, ಎಡಕ್ಕೆ ತಿರುಗಿದರೆ ಮಾತ್ರ ನಿಂತುಬಿಡುತ್ತಿತ್ತು. ಡಾಕ್ಟರು ಮೂರು ತಿಂಗಳು ಬಲಕ್ಕೆ ಮಾತ್ರ ತಿರುಗುತ್ತ, ಎದುರುಮನೆಯ ರೋಗಿಯನ್ನು ನೋಡಲು ಊರು ಸುತ್ತಿ ಹೋಗುತ್ತಿದ್ದರು. ಮಾವನ ಪ್ರಶ್ನೆಗೆ ಅವರು ಸಿಟ್ಟಿಗೆದ್ದು, "ಯಾರೂ ಕೈ ಹಾಕಿಲ್ಲ ರೀ" ಎಂದರು. ಟ್ಯಾಂಕನ್ನು ಬರಿದುಮಾಡಿದಾಗ ಒಳಗಿಂದ ಬಂದದ್ದು ಒಂದು ಕರವಸ್ತ್ರ, ಮೂಲೆಯಲ್ಲಿ ಡಾಕ್ಟರ ಹೆಸರಿನ ಮೊದಲ ಅಕ್ಷರದ ಕಸೂತಿ. ಮುಚ್ಚಳ ಕಳೆದುಹೋದಾಗ ಒಂದು ದಿನದ ಮಟ್ಟಿಗೆಂದು ತುರುಕಿದ್ದು ಒಳಗೆ ಜಾರಿ, ಎಡ ತಿರುವಿನಲ್ಲಿ ಮೀನಿನಂತೆ ಈಜಿಹೋಗಿ ಡೀಸೆಲ್ ಹೊರಡುವ ಬಾಯನ್ನು ಮುಚ್ಚುತ್ತಿತ್ತು. ಆ ಕಸೂತಿಯ ತುಂಡು ಸೀಸೆ ಸೇರಿದಾಗ ಡಾಕ್ಟರು ಬಹಳ ಕೇಳಿಕೊಂಡರು, ತೆಗೆದುಬಿಡಿ, ರೋಗಿಗಳು ನೋಡುತ್ತಾರೆ ಎಂದು. ಮಾವ ಒಪ್ಪಲಿಲ್ಲ. "ನಮ್ಮ ಭಾವನ ಪಿತ್ತಕೋಶದ ಕಲ್ಲು ನಿಮ್ಮ ಮೇಜಿನ ಮೇಲೆ ಸೀಸೇಲಿ ಕೂತಿಲ್ವಾ ಡಾಕ್ಟ್ರೇ? ಲೆಕ್ಕ ಸರಿಹೋಯ್ತು ಬಿಡಿ."

ಇಂಥ ಮನುಷ್ಯ ತಲೆಬಾಗುತ್ತಿದ್ದುದು ಲೋಕದಲ್ಲಿ ಒಬ್ಬರಿಗೆ ಮಾತ್ರ: ತಮ್ಮ ಅಕ್ಕನಿಗೆ, ಅಂದರೆ ನನ್ನ ಅಮ್ಮನಿಗೆ. ತಲೆ ಬಾಗುತ್ತಿತ್ತೇ ಹೊರತು ಬಾಯಿ ಮುಚ್ಚುತ್ತಿರಲಿಲ್ಲ. ಅಮ್ಮ ಲಾರಿ ಓಡಿಸುವವಳು. ಮನೆ ಬದಲಾಯಿಸುವವರ ಮಂಚ, ಬೀರು, ಕನ್ನಡಿ, ಹೂಕುಂಡಗಳನ್ನು ಹತ್ತೊಂಬತ್ತು ವರ್ಷ ಊರಿಂದೂರಿಗೆ ಸಾಗಿಸಿದವಳು. ಆತುರದವಳು, ದೊಡ್ಡ ಗಂಟಲಿನವಳು, ಕೀಲಿ ಕಳೆದರೆ ಹುಡುಕುವುದಕ್ಕಿಂತ ಬೀಗ ಒಡೆಯುವುದೇ ಬೇಗ ಎನ್ನುವವಳು. ಆರು ವರ್ಷದ ಹಿಂದೆ ಒಂದು ಬೀರುವಿಗೆ ಹಗ್ಗ ಬಿಗಿಯುತ್ತಿದ್ದಾಗ ಲಾರಿಯ ಮೇಲಿಂದ ಬಿದ್ದು ಎಡತೊಡೆಯ ಮೂಳೆ ಮೂರು ತುಂಡಾಯಿತು. ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದ ಮೇಲೆ ಅವಳು ಮೊದಲು ಕೇಳಿದ್ದು, "ಬೀರು ಏನಾಯ್ತು?" ಎಂದು, ಎರಡನೆಯದು, "ಗಾಡೀನ ಯಾರು ನೋಡ್ಕೊಳ್ತಾರೆ?" ಎಂದು.

"ನಾನಿದೀನಲ್ಲಕ್ಕ" ಎಂದಿದ್ದರು ಮಾವ.

ನೋಡಿಕೊಂಡರು, ತಮ್ಮದೇ ರೀತಿಯಲ್ಲಿ. ಮುಚ್ಚಿಹೋಗಿದ್ದ ಪೀಠೋಪಕರಣದ ಕಾರ್ಖಾನೆಯೊಂದರ ಶೆಡ್ಡಿನಲ್ಲಿ ಲಾರಿಯನ್ನು ಮರದ ದಿಮ್ಮಿಗಳ ಮೇಲೆ ಎತ್ತಿ ನಿಲ್ಲಿಸಿದರು. ಬ್ಯಾಟರಿ ಬಿಚ್ಚಿದರು. ಹೊಗೆಕೊಳವೆ, ಗಾಳಿ ಒಳಸೇರುವ ಬಾಯಿ, ಹೀಗೆ ಹುಳುಹುಪ್ಪಟೆ ನುಗ್ಗಬಹುದಾದ ಹದಿನಾರು ತೂತುಗಳಿಗೆ ಎಣ್ಣೆಬಟ್ಟೆಯ ಬಿರಡೆಗಳನ್ನು ಇಟ್ಟು, ಮುಂದೊಂದು ದಿನ ತೆಗೆಯುವವರ ಕಣ್ಣಿಗೆ ತಪ್ಪದಿರಲೆಂದು ಪ್ರತಿಯೊಂದಕ್ಕೂ ಕೆಂಪು ದಾರ ಕಟ್ಟಿ, ಹದಿನಾರರ ಪಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸ್ಟೀರಿಂಗಿಗೆ ತೂಗುಹಾಕಿದರು. ಟ್ಯಾಂಕಿನಲ್ಲಿ ಖಾಲಿ ಜಾಗವಿದ್ದರೆ ಅಲ್ಲಿನ ಗಾಳಿ ಬೆವತು ನೀರಾಗುತ್ತದೆ, ಕಂಠಮಟ್ಟ ತುಂಬಿಸಬೇಕು ಎಂದು ಅಮ್ಮನಿಗೆ ಹೇಳಿದರು. ಆಸ್ಪತ್ರೆಯ ಮಂಚದಿಂದಲೇ ಅಮ್ಮ ಯಾರಿಗೋ ಹೇಳಿ ತುಂಬಿಸಿದೆ ಎಂದಳು.

ಆರು ವರ್ಷ ಕಾಲು ರಿಪೇರಿಯಲ್ಲಿ ಹೋಯಿತು. ಈ ನಡುವೆ ಮನೆಯವರೆಲ್ಲ, ನಾನೂ ಸೇರಿದಂತೆ, ಲಾರಿಯನ್ನು ಗುಜರಿಗೆ ಹಾಕಿಬಿಡೋಣ ಎಂದು ಹೇಳಿ ನೋಡಿದೆವು. ಅಮ್ಮನ ಉತ್ತರ ಸಿದ್ಧವಿತ್ತು: "ನನ್ನ ಕಾಲನ್ನ ಮೂರು ಸಲ ಬಿಚ್ಚಿ ಜೋಡಿಸಿದ್ರು. ನನ್ನನ್ನ ಗುಜರಿಗೆ ಹಾಕಿದ್ರಾ?" ದಿನವೂ ಬೆಳಿಗ್ಗೆ ಕುರ್ಚಿಯಲ್ಲಿ ಕೂತು ಎಡಗಾಲನ್ನು ಮಂಚದ ಕಾಲಿಗೆ ಒತ್ತಿ, ಕ್ಲಚ್ ತುಳಿಯುವ ಅಭ್ಯಾಸ ಮಾಡುತ್ತಿದ್ದಳು. ಮೊದಲ ವರ್ಷ ಮಂಚ ಅಲುಗಲಿಲ್ಲ. ಐದನೆಯ ವರ್ಷದ ಕೊನೆಗೆ ಅದು ಕಿರ್ರೆಂದು ಗೇಣುದ್ದ ಸರಿಯಿತು. ಆ ದಿನ ಅವಳು ಬೀದಿಯವರಿಗೆಲ್ಲ ಸಿಹಿ ಹಂಚಿದಳು. ಯಾಕೆಂದು ತಿಳಿಯದೆಯೇ ಎಲ್ಲರೂ ತಿಂದರು.

ಆಮೇಲೆ ಒಂದು ಸೋಮವಾರ ಸಾರಿಗೆ ಕಚೇರಿಯ ಪತ್ರ ಬಂತು. ಹಳೆಯ ವಿಳಾಸಕ್ಕೆ ಹೋಗಿ, ಅಲೆದು, ತಡವಾಗಿ ಬಂದ ಪತ್ರ. ಬರುವ ಶುಕ್ರವಾರ ಹನ್ನೊಂದು ಗಂಟೆಯೊಳಗೆ ವಾಹನವನ್ನು ತಪಾಸಣೆಯ ಅಂಗಳಕ್ಕೆ ತರಬೇಕು. ಅದು ಸ್ವಂತ ಎಂಜಿನಿನ ಬಲದಿಂದಲೇ ಬರಬೇಕು, ಎಳೆದು ತಂದರೆ ನಡೆಯದು. ತಪ್ಪಿದರೆ ನೋಂದಣಿ ಶಾಶ್ವತವಾಗಿ ರದ್ದು. ಅಮ್ಮ ಪತ್ರವನ್ನು ಎರಡು ಸಲ ಓದಿ, ಮಡಿಸಿ, ರವಿಕೆಯೊಳಗೆ ಸೇರಿಸಿದಳು. ಲಾರಿಯೇ ಹೋದರೆ ಕಾಲು ವಾಸಿಯಾದದ್ದಾದರೂ ಯಾತಕ್ಕೆ?

ಮಂಗಳವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದೆವು. ಮಾವ ಮೂರು ಮಾರು ದೂರ ನಿಂತರು. ಕೈ ಬೆನ್ನ ಹಿಂದೆ ಹೋದವು. ಸುತ್ತು ಬಂದು, ಅಭ್ಯಾಸಬಲದಿಂದ ಕೇಳಿದರು: "ಕೊನೇಲಿ ಇದಕ್ಕೆ ಯಾರು ಕೈ ಹಾಕಿದ್ದು?"

"ನೀನೇ ಕಣೋ, ಇನ್ಯಾರು?" ಎಂದಳು ಅಮ್ಮ.

"ಹಾಗಾದ್ರೆ ಭಯವಿಲ್ಲ" ಎಂದರು ಮಾವ.

ಹದಿನಾರು ಕೆಂಪು ದಾರಗಳು, ಹದಿನಾರು ಬಿರಡೆಗಳು. ಪಟ್ಟಿಗೆ ಒಂದೊಂದಾಗಿ ಗುರುತು ಹಾಕುತ್ತ ತೆಗೆದರು, ತೆಗೆದದ್ದನ್ನು ಎಣಿಸಿದರು, ಮತ್ತೊಮ್ಮೆ ಎಣಿಸಿದರು. ಬಳಿಕ ಟ್ಯಾಂಕಿನ ತಳದ ತಿರುಪು ಸಡಿಲಿಸಿ ಬೇರೊಂದು ಸೀಸೆ ಹಿಡಿದರು. ಶೆಡ್ಡಿನ ಕಿಟಕಿಯ ಕಟ್ಟೆಯ ಮೇಲೆ ಅದು ಬಾಯಿ ಬಿಡಲು ಇಪ್ಪತ್ತು ನಿಮಿಷವೂ ಬೇಕಾಗಲಿಲ್ಲ. ತಳದಲ್ಲಿ ಎರಡು ಬೆರಳು ನೀರು, ಅದರ ಕೆಳಗೆ ತುಕ್ಕು, ಮೇಲೆ ಚಹದ ಬಣ್ಣಕ್ಕೆ ತಿರುಗಿದ ಡೀಸೆಲ್, ಎರಡರ ಗಡಿಯಲ್ಲಿ ಕಪ್ಪು ಲೋಳೆಯ ಒಂದು ಪೊರೆ.

"ಅಕ್ಕ, ಟ್ಯಾಂಕ್ ತುಂಬಿಸಿದ್ದೆ ಅಂದೆ?"

"ತುಂಬಿಸಿದ್ದೆ."

"ಎಷ್ಟು?"

"ತುಂಬ."

"ತುಂಬ ಅಂದ್ರೆ?"

"ಮುಕ್ಕಾಲು. ಮುಕ್ಕಾಲು ತುಂಬ ಅಲ್ವಾ? ಕಾಲು ಮುರ್ಕೊಂಡು ಮಲಗಿದ್ದವಳಿಗೆ ಇಷ್ಟೊಂದು ಪರೀಕ್ಷೆ ಬೇಡ."

ಮಾವನ ಮುಖದಲ್ಲಿ ಒಂದು ಪ್ರಶಾಂತವಾದ ಸಂತೋಷ ಹರಡಿತು. ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಎಂಥ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಅವು ಡೀಸೆಲನ್ನೇ ತಿಂದು ಹೇಗೆ ಲೋಳೆಯಾಗುತ್ತವೆ ಎಂಬುದನ್ನು ಅವರು ಅಕ್ಕನಿಗೆ ವಿವರವಾಗಿ ಬಣ್ಣಿಸಿದರು. ಅಮ್ಮ ಕೇಳುತ್ತಲೇ ಟಯರುಗಳಿಗೆ ಗಾಳಿ ಹಾಕಿಸಿದಳು. ಕೊನೆಗೆ ಮಾವ ಒಂದು ಚೀಟಿ ತೆಗೆದು 'ಅಕ್ಕನದು' ಎಂದು ಬರೆದು ಸೀಸೆಗೆ ಅಂಟಿಸಿದಾಗ ಮಾತ್ರ, "ಲೋ, ಡಾಕ್ಟ್ರ ಪಕ್ಕದಲ್ಲಿ ನನ್ನನ್ನ ಕೂರಿಸ್ತೀಯೇನೋ?" ಎಂದು ಕೂಗಿದಳು.

ಬುಧವಾರ ಪೂರ್ತಿ ಶುಚಿಕಾರ್ಯ. ಹಳೆಯ ಡೀಸೆಲನ್ನು ಹರಿಸಿ ತೆಗೆದು, ಹೊಸದನ್ನು ಸ್ವಲ್ಪ ಸ್ವಲ್ಪ ಸುರಿದು, ತಳದಿಂದ ಬಂದದ್ದು ಸೀಸೆಯಲ್ಲಿ ನೀರಿನಷ್ಟು ತಿಳಿಯಾಗುವವರೆಗೆ ಏಳು ಸಲ ತೊಳೆದರು. ಫಿಲ್ಟರುಗಳನ್ನು ಬದಲಿಸಿದರು, ಹೊಸ ಬ್ಯಾಟರಿ ಕೂರಿಸಿ ಗಾಡಿಯನ್ನು ದಿಮ್ಮಿಗಳಿಂದ ಇಳಿಸಿದರು. ಟ್ಯಾಂಕಿನ ಮುಚ್ಚಳದ ರಬ್ಬರು ಒಡೆದುಹೋಗಿತ್ತು. ದಪ್ಪ ರಬ್ಬರಿನಿಂದ ತಾವೇ ದುಂಡಗೆ ಕತ್ತರಿಸಿ ಹೊಸದನ್ನು ಕೂರಿಸಿದರು, ಎಷ್ಟು ಬಿಗಿಯಾಗಿ ಎಂದರೆ ಮುಚ್ಚಳ ತಿರುಗಿಸಲು ಎರಡೂ ಕೈ ಬೇಕಾಯಿತು. ಈ ಸಲ ತಪ್ಪದಿರಲೆಂದು ಟ್ಯಾಂಕನ್ನು ತಾವೇ ನಿಂತು ಕಂಠಮಟ್ಟ ತುಂಬಿಸಿದರು. ಕೈಪಂಪನ್ನು ಒತ್ತಿ ಒತ್ತಿ, ಪೈಪುಗಳಲ್ಲಿ ಸಿಕ್ಕಿಕೊಂಡಿದ್ದ ಗಾಳಿಯ ಗುಳ್ಳೆಗಳನ್ನೆಲ್ಲ ಹೊರಗೆ ಕಳಿಸಿದರು.

ಗುರುವಾರ ಮಧ್ಯಾಹ್ನ ಒಂದಕ್ಕೆ ಅಮ್ಮ ಆರು ವರ್ಷಗಳ ಬಳಿಕ ತನ್ನ ಸೀಟಿಗೆ ಹತ್ತಿದಳು. ಕೀಲಿ ತಿರುಗಿಸಿದಳು. ಎಂಜಿನು ಒಮ್ಮೆ ಗೊರಗೊರ ಎಂದಿತು, ಎರಡನೆಯ ಸಲ ಕೆಮ್ಮಿತು, ಮೂರನೆಯ ಸಲ ಶೆಡ್ಡಿನ ತಗಡುಗಳೆಲ್ಲ ನಡುಗುವಂತೆ ಎದ್ದು ನಿಂತಿತು. ಬಿಳಿಹೊಗೆಯ ನಡುವಿನಿಂದ ಅಮ್ಮನ ನಗು ಕೇಳಿಸಿತೇ ಹೊರತು ಮುಖ ಕಾಣಲಿಲ್ಲ. ಮಾವ ಮಾತ್ರ ಕೈಗಡಿಯಾರ ನೋಡುತ್ತ ನಿಂತಿದ್ದರು.

ಹನ್ನೊಂದನೆಯ ನಿಮಿಷದಲ್ಲಿ ಎಂಜಿನು ನಿಟ್ಟುಸಿರು ಬಿಟ್ಟು ನಿಂತಿತು.

ತಪಾಸಣೆಯ ಅಂಗಳಕ್ಕೆ ಇಪ್ಪತ್ತೈದು ನಿಮಿಷದ ದಾರಿ.

ಮಾವನಿಗೆ ಒಂದು ಕಟ್ಟಳೆಯಿತ್ತು: ಒಂದು ಸಲಕ್ಕೆ ಒಂದೇ ವಸ್ತುವನ್ನು ಮುಟ್ಟಬೇಕು, ಆಮೇಲೆ ಓಡಿಸಿ ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ದೇವರಿಗೂ ತಿಳಿಯದು ಎನ್ನುತ್ತಿದ್ದರು. ಅದರಂತೆ ಮೊದಲು ಫಿಲ್ಟರು ಬಿಚ್ಚಿ ಮತ್ತೊಂದು ಹಾಕಿದರು. ಅರ್ಧ ಗಂಟೆಯ ಕೆಲಸ. ಓಡಿಸಿದರೆ ಹದಿನಾಲ್ಕು ನಿಮಿಷ. ಟ್ಯಾಂಕಿನಿಂದ ಬರುವ ರಬ್ಬರ್ ಪೈಪು ಬದಲಿಸಿದರು: ಹದಿನೆಂಟು. ಟ್ಯಾಂಕಿನಿಂದ ಡೀಸೆಲ್ ಎಳೆಯುವ ಸಣ್ಣ ಪಂಪನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿದರು: ಇಪ್ಪತ್ತಮೂರು. ಅಂಕಿಗಳನ್ನು ಸೀಮೆಸುಣ್ಣದಿಂದ ಶೆಡ್ಡಿನ ಬಾಗಿಲ ಮೇಲೆ ಒಂದರ ಕೆಳಗೊಂದು ಬರೆದರು.

ಅಮ್ಮ ಪ್ರತಿ ಸಲವೂ ಚಪ್ಪಾಳೆ ತಟ್ಟಿದಳು. "ನೋಡೋ, ತಾನಾಗೇ ಚೇತರಿಸ್ಕೊಳ್ತಿದೆ. ಆರು ವರ್ಷ ಮಲಗಿದ್ದವರು ಎದ್ದ ದಿನವೇ ಓಡ್ತಾರಾ? ನಂಗೂ ಹೀಗೇ ಆಗಿದ್ದು. ಇನ್ನೊಂದು ಸಲಕ್ಕೆ ಇಪ್ಪತ್ತೊಂಬತ್ತಾಗುತ್ತೆ. ಈಗಲೇ ಹೊರಟುಬಿಡೋಣ, ಅಲ್ಲೇ ಅಂಗಳದಲ್ಲಿ ನಿಲ್ಲಿಸ್ಕೊಂಡು ಬೆಳಿಗ್ಗೆವರೆಗೆ ಕೂತಿರ್ತೀನಿ."

"ಬೇಡ."

"ಯಾಕೋ ಬೇಡ? ನೀನು ಬಿಚ್ಚಿದ್ದೆಲ್ಲ ಗುಣ ಕೊಡ್ತಿದೆಯಲ್ಲ!"

"ಅದೇ ನಂಗೆ ಸಮಾಧಾನ ಇಲ್ದೇ ಇರೋದು" ಎಂದರು ಮಾವ, ಬಾಗಿಲ ಮೇಲಿನ ಅಂಕಿಗಳನ್ನು ದಿಟ್ಟಿಸುತ್ತ. "ಫಿಲ್ಟರು ಬೇರೆ, ಪೈಪು ಬೇರೆ, ಪಂಪು ಬೇರೆ. ಮೂರೂ ಒಂದೇ ಅಳತೇಲಿ ಹೇಗಕ್ಕ ಗುಣ ಕೊಡುತ್ತೆ? ಸಲಕ್ಕೆ ಕಾಲು ಪಾಲು, ಸಲಕ್ಕೆ ಕಾಲು ಪಾಲು. ನಾನು ಏನೂ ಮಾಡ್ದೆ ಸುಮ್ನೆ ಕೂತಿದ್ರೂ ಹೀಗೇ ಆಗ್ತಿತ್ತು ಅನ್ಸುತ್ತೆ. ಯಾಕೆ ನಿಲ್ಲುತ್ತೆ ಅಂತ ಗೊತ್ತಿಲ್ದೇ ಇರೋ ಗಾಡಿಗಿಂತ, ಯಾಕೆ ಓಡ್ತಿದೆ ಅಂತ ಗೊತ್ತಿಲ್ದೇ ಇರೋ ಗಾಡಿ ಅಪಾಯ."

ಹೊತ್ತು ನಾಲ್ಕು ದಾಟಿತ್ತು. ಅಮ್ಮ ಸೀಟಿನಿಂದ ಇಳಿದು, ಕಾಲು ನೀವಿಕೊಳ್ಳುತ್ತ, ಒಂದು ದಿಮ್ಮಿಯ ಮೇಲೆ ಕೂತಳು. ಮಾವ ಏನೂ ತೋಚದೆ, ಜೇಬಿನ ಸೀಸೆಯನ್ನು ತೆಗೆದು, ಬೆಳಗಿನಿಂದ ಅದರಲ್ಲಿದ್ದ ಡೀಸೆಲನ್ನು ಡಬ್ಬಿಗೆ ಬಗ್ಗಿಸಿದರು. ಸಪೂರ ಕತ್ತಿನ ಸೀಸೆ. ಗುಳುಕ್ ಎಂದು ಒಂದಿಷ್ಟು ಬಂತು, ತಡೆಯಿತು, ಒಂದು ಗುಳ್ಳೆ ಒಳಗೆ ಹೋಯಿತು, ಮತ್ತೆ ಗುಳುಕ್ ಎಂದು ಒಂದಿಷ್ಟು ಬಂತು. ಸಾವಿರ ಸಲ ಮಾಡಿದ ಕೆಲಸ. ಈ ಸಲ ಅವರ ಕೈ ಅರ್ಧದಲ್ಲಿ ನಿಂತಿತು. ಸೀಸೆಯನ್ನು ಮತ್ತೆ ತುಂಬಿಸಿ ಬಗ್ಗಿಸಿದರು. ಗುಳುಕ್, ಗುಳ್ಳೆ, ಗುಳುಕ್.

"ಗಾಳಿ ಒಳಗೆ ಹೋಗ್ದೆ ಇದು ಹೊರಗೆ ಬರಲ್ಲ" ಎಂದರು, ಯಾರಿಗೆಂದಿಲ್ಲದೆ. ಬಳಿಕ, "ಅಕ್ಕ, ಸ್ಟಾರ್ಟ್ ಮಾಡು."

ಎಂಜಿನು ಓಡತೊಡಗಿತು. ಮಾವ ಟ್ಯಾಂಕಿನ ಪಕ್ಕದಲ್ಲಿ, ಮುಚ್ಚಳದ ಮೇಲೆ ಎರಡೂ ಕೈಯಿಟ್ಟು ನಿಂತರು. ಗಡಿಯಾರ ನನ್ನ ಕೈಯಲ್ಲಿತ್ತು. ಇಪ್ಪತ್ತೆಂಟು ನಿಮಿಷ ಕಳೆದ ಮೇಲೆ ಎಂಜಿನಿನ ಸದ್ದು ಸೊರಗಿತು, ತಡವರಿಸಿತು. "ಹೋಯ್ತು!" ಎಂದಳು ಅಮ್ಮ. ಮಾವ ಮುಚ್ಚಳ ತಿರುಗಿಸಿದರು. ಸ್ಸ್ಸ್ ಎಂದು ಟ್ಯಾಂಕು ಒಂದು ದೀರ್ಘವಾದ ಉಸಿರನ್ನು ಒಳಗೆಳೆದುಕೊಂಡಿತು, ನೀರಲ್ಲಿ ಮುಳುಗಿದ್ದವನು ತಲೆಯೆತ್ತಿದಂತೆ. ಕಣ್ಣುಮಿಟುಕಿಸುವಷ್ಟರಲ್ಲಿ ಎಂಜಿನು ಮತ್ತೆ ಗಟ್ಟಿಯಾಗಿ ಗುಡುಗತೊಡಗಿತು.

ಆಮೇಲೆ ಎಲ್ಲವೂ ಲೆಕ್ಕಕ್ಕೆ ಸಿಕ್ಕಿತು. ಎಂಜಿನು ಡೀಸೆಲನ್ನು ಹೀರುತ್ತಿತ್ತು, ಅದರ ಜಾಗಕ್ಕೆ ಗಾಳಿ ಬರುತ್ತಿರಲಿಲ್ಲ. ಒಳಗಿನ ಗಾಳಿ ತೆಳುವಾಗುತ್ತ ಹೋಗಿ, ಪಂಪು ಎಳೆದರೂ ಡೀಸೆಲ್ ಬಾರದಂತಾಗುತ್ತಿತ್ತು. ನಿಂತ ಮೇಲೆ ಹೊಸ ರಬ್ಬರಿನ ಅಂಚಿನಿಂದ ಅರ್ಧ ಗಂಟೆಯಲ್ಲಿ ಹೇಗೋ ತುಸು ಗಾಳಿ ನುಸುಳುತ್ತಿತ್ತು, ಮತ್ತೆ ಓಡುತ್ತಿತ್ತು. ಕಂಠಮಟ್ಟ ತುಂಬಿದ್ದ ಟ್ಯಾಂಕಿನಲ್ಲಿ ಮೊದಲು ಗಾಳಿಗೆ ಜಾಗ ತೀರ ಕಡಿಮೆ. ಪ್ರತಿ ಓಟದಲ್ಲೂ ಡೀಸೆಲ್ ಇಳಿದಷ್ಟು ಜಾಗ ಹೆಚ್ಚಿತು, ಅದೇ ಪ್ರಮಾಣದಲ್ಲಿ ನಿಮಿಷಗಳೂ ಹೆಚ್ಚಿದವು. ಫಿಲ್ಟರು, ಪೈಪು, ಪಂಪು, ಮೂರೂ ನಿರಪರಾಧಿಗಳು. "ಹೊರಟಿದ್ರೆ ಏನಾಗ್ತಿತ್ತು ಗೊತ್ತಾ?" ಎಂದರು ಮಾವ. "ಇದು ನಿಂತಲ್ಲಿ ಕುಡಿದ ಲೆಕ್ಕ. ರಸ್ತೇಲಿ ಹತ್ತು ಪಟ್ಟು ಕುಡಿಯುತ್ತೆ. ಮೂರು ನಿಮಿಷಕ್ಕೆ, ಸೇತುವೆಯ ನಟ್ಟನಡುವೆ ನಿಂತಿರ್ತಿದ್ದೆ."

"ಸರಿ, ಸರಿ. ಗಾಳಿ ಬರೋ ದಾರಿ ಎಲ್ಲಿ?"

ಟ್ಯಾಂಕಿನ ನೆತ್ತಿಯಿಂದ ಹೊರಟು, ಚಾಸಿಯ ಹಿಂದೆ ಹಾದು, ಕೆಳಮುಖವಾಗಿ ತೆರೆದುಕೊಳ್ಳುವ ಪೆನ್ಸಿಲಿನಷ್ಟು ಸಣ್ಣ ಪೈಪೊಂದಿತ್ತು, ಟ್ಯಾಂಕು ಉಸಿರಾಡುವುದೇ ಅದರಿಂದ. ಮಾವ ಗೋಣಿತಾಟು ಹಾಸಿ, ಟಾರ್ಚು ಹಿಡಿದು, ಗಾಡಿಯ ಅಡಿಗೆ ನುಸುಳಿದರು. ಸ್ವಲ್ಪ ಹೊತ್ತು ಅವರ ಬೂಟುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಅವು ಅಲುಗುತ್ತಿದ್ದವು, ಹಾಗೆಯೇ ನಿಶ್ಚಲವಾದವು.

"ಸಿಕ್ತೇನೋ?" ಎಂದಳು ಅಮ್ಮ.

ಅವಳು ಬಗ್ಗಿ ಒಂದು ಬೂಟನ್ನು ತಟ್ಟಿದಳು.

"ಲೋ, ಬದುಕಿದೀಯಾ?"

ಮಾವ ನಿಧಾನವಾಗಿ ಹೊರಬಂದು, ಎದ್ದು ನಿಂತು, ಕೋಟು ಕೊಡವಿಕೊಂಡರು. ಅಂಗೈ ಮುಷ್ಟಿಯಾಗಿತ್ತು. ಅಮ್ಮ ಬಿಡುವವಳಲ್ಲ, ಒಂದೊಂದೇ ಬೆರಳು ಬಿಡಿಸಿದಳು. ಒಳಗಿದ್ದದ್ದು ಗುಂಡಿಯಷ್ಟು ಗಾತ್ರದ ಮೇಣದ ಬಿರಡೆ. ಅಚ್ಚುಕಟ್ಟಾಗಿ ಒತ್ತಿ ನಯಮಾಡಿದ್ದು. ಮೇಣದ ಮೇಲೆ ಹೆಬ್ಬೆರಳ ಗುರುತು, ಗುರುತಿನ ಮೇಲೆ ಓರೆಯಾಗಿ ಹಾದುಹೋದ ಒಂದು ಗೆರೆ.

ಅಮ್ಮ ಮೇಣವನ್ನು ನೋಡಿದಳು. ತಮ್ಮನ ಎಡಗೈ ಹೆಬ್ಬೆರಳನ್ನು ನೋಡಿದಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಲೆಯನ್ನು ತುಸು ವಾಲಿಸಿ, ತೀರ ಗಂಭೀರವಾಗಿ ಕೇಳಿದಳು: "ಕೊನೇಲಿ ಇದಕ್ಕೆ ಯಾರು ಕೈ ಹಾಕಿದ್ದು?"

ಆ ಶೆಡ್ಡು ಅಂಥ ನಗುವನ್ನು ಹಿಂದೆ ಕೇಳಿರಲಾರದು. ಅಮ್ಮ ನಕ್ಕು ನಕ್ಕು ಲಾರಿಯ ಬಾನೆಟ್ಟಿಗೆ ಒರಗಿದಳು. ಮಾವ ಮೊದಲು ಗಂಭೀರವಾಗಿಯೇ ನಿಂತಿದ್ದರು. ಬಳಿಕ ಮೀಸೆಯಂಚು ನಡುಗಿತು, ಬಳಿಕ ಭುಜ, ಬಳಿಕ ಜೇಬಿನ ಸೀಸೆಯೂ ಸ್ಪ್ಯಾನರಿಗೆ ತಗುಲಿ ಟಿಣ್ ಟಿಣ್ ಎಂದು ನಗತೊಡಗಿತು.

ಅವರಿಗೆ ಆಗ ನೆನಪಾಯಿತು. ಲಾರಿಯನ್ನು ನಿಲ್ಲಿಸಿದ ವಾರದ ಬಳಿಕ ಒಮ್ಮೆ ನೋಡಿಕೊಂಡು ಹೋಗಲು ಬಂದಿದ್ದರು. ಆ ಸಣ್ಣ ಪೈಪಿನ ಬಾಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜದ ಹುಳುವೊಂದು ಅಡಿಪಾಯ ಹಾಕುತ್ತಿತ್ತು. ಅದನ್ನು ಓಡಿಸಿ, ಮೇಣದಿಂದ ಮುಚ್ಚಿದರು. ಕೆಂಪು ದಾರ ಅಂದು ಜೇಬಿನಲ್ಲಿರಲಿಲ್ಲ. ಮನೆಗೆ ಹೋಗಿ ಪಟ್ಟಿಯಲ್ಲಿ ಹದಿನೇಳು ಎಂದು ಸೇರಿಸಬೇಕು, ನಾಳೆ ದಾರ ತಂದು ಕಟ್ಟಬೇಕು ಎಂದುಕೊಂಡರು. ಮರುದಿನ ಅಮ್ಮನ ಎರಡನೆಯ ಶಸ್ತ್ರಚಿಕಿತ್ಸೆ. ಇಡೀ ದಿನ ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಕೂತಿದ್ದರು. ಪಟ್ಟಿ ಹದಿನಾರಕ್ಕೇ ನಿಂತಿತು.

ಇದನ್ನು ಕೇಳಿ ಅಮ್ಮನ ನಗು ತಗ್ಗಿತು. "ಹೋಗ್ಲಿ ಬಿಡೋ" ಎಂದಳು, ಅವಳ ಗಂಟಲಿಗೆ ಅಪರೂಪವಾದ ದನಿಯಲ್ಲಿ. "ನನ್ನಿಂದಾಗಿ ಮರ್ತೆ."

"ಕಾರಣ ಬೇರೆ, ತಪ್ಪು ಬೇರೆ ಅಕ್ಕ" ಎಂದರು ಮಾವ. "ಎರಡನ್ನೂ ಒಂದೇ ಸೀಸೇಲಿ ಹಾಕ್ಬಾರ್ದು."

ಶುಕ್ರವಾರ ಹತ್ತೂಕಾಲಿಗೆ ಲಾರಿ ತಪಾಸಣೆಯ ಅಂಗಳದೊಳಗೆ ಸ್ವಂತ ಬಲದಿಂದ, ಅಗತ್ಯಕ್ಕಿಂತ ಹೆಚ್ಚೇ ಹಾರನ್ ಹೊಡೆಯುತ್ತ, ಪ್ರವೇಶಿಸಿತು. ಅಮ್ಮನ ಪಕ್ಕದಲ್ಲಿ ಮಾವ ದಾರಿಯುದ್ದಕ್ಕೂ ಎರಡೂ ಕೈಗಳನ್ನು ತೊಡೆಯಡಿಗೆ ಇಟ್ಟುಕೊಂಡು ಕೂತಿದ್ದರು. ಬೆನ್ನ ಹಿಂದೆ ಕಟ್ಟಲು ಅಲ್ಲಿ ಜಾಗವಿರಲಿಲ್ಲ. ತಪಾಸಣಾಧಿಕಾರಿ ನಲವತ್ತು ನಿಮಿಷ ಎಂಜಿನು ಓಡಿಸಿಟ್ಟು, ಬ್ರೇಕು, ದೀಪ, ಹೊಗೆ ಎಲ್ಲ ನೋಡಿ, "ಆರು ವರ್ಷ ನಿಂತಿದ್ದ ಗಾಡಿ ಅಂತ ಹೇಳೋಕಾಗಲ್ಲ. ಯಾರ್ರೀ ಮೆಕ್ಯಾನಿಕ್ಕು?" ಎಂದರು. "ಅವನೇ ಕೆಡಿಸಿದ್ದು, ಅವನೇ ಸರಿಮಾಡಿದ್ದು" ಎಂದಳು ಅಮ್ಮ, ಹೆಮ್ಮೆಯಿಂದ. ಅವರಿಗೆ ಅರ್ಥವಾಗಲಿಲ್ಲ, ಮೊಹರು ಮಾತ್ರ ಒತ್ತಿದರು.

ಹಿಂದಿರುಗುವಾಗ ಮಾವ ಲಾರಿಯನ್ನು ತಮ್ಮ ರಿಪೇರಿಕೋಣೆಯ ಮುಂದೆ ನಿಲ್ಲಿಸಲು ಹೇಳಿದರು. ಬೂಟು ಬಿಚ್ಚಿ ಒಳಹೋಗಿ ಕೈ ತೊಳೆದರು. ಜೇಬಿನ ಸೀಸೆಯನ್ನು, ಅಷ್ಟು ವರ್ಷ ಅವರ ಹೆಜ್ಜೆಯೊಡನೆ ಸದ್ದು ಮಾಡಿದ ಅದೇ ಸೀಸೆಯನ್ನು, ತೊಳೆದು ಒಣಗಿಸಿ, ಒಳಗೆ ಮೇಣದ ಬಿರಡೆಯನ್ನು ಹಾಕಿದರು. ಚೀಟಿಯ ಮೇಲೆ ತಾರೀಖು ಬರೆದರು; ಅದರ ಕೆಳಗೆ, 'ಡಾಕ್ಟರದು' ಎಂದು ಬರೆದಷ್ಟೇ ದೊಡ್ಡ ಅಕ್ಷರಗಳಲ್ಲಿ, 'ನನ್ನದು' ಎಂದು ಬರೆದರು. ಸಾಲಿನ ನಡುವೆ, 'ಅಕ್ಕನದು' ಎಂಬುದರ ಪಕ್ಕದಲ್ಲಿ ಇಟ್ಟರು.

"ಹಿಂದಕ್ಕೆ ಇಡೋ" ಎಂದಳು ಅಮ್ಮ ಬಾಗಿಲಿಂದಲೇ. "ಬಂದವರಿಗೆಲ್ಲ ಕಾಣ್ಸುತ್ತೆ."

"ಬೆಳಕು ಬೀಳೋದು ಇಲ್ಲೇ" ಎಂದರು ಮಾವ.

ಅಂದಿನಿಂದ ಅವರ ಜೇಬಿಗೆ ಹೊಸ ಸೀಸೆ ಬಂತು. ಅದರ ಟಿಣ್ ಟಿಣ್ ಸ್ವಲ್ಪ ಬೇರೆ, ನಮ್ಮ ಕಿವಿಗೆ ಹೊಂದಲು ಒಂದೆರಡು ವಾರ ಹಿಡಿಯಿತು. ಅವರ ಪ್ರಶ್ನೆಗೂ ಒಂದು ಬಾಲ ಬೆಳೆಯಿತು. ಮೂರು ಮಾರು ದೂರದಲ್ಲಿ ನಿಂತು, ಸುತ್ತು ಬಂದು, ಈಗಲೂ ಕೇಳುತ್ತಾರೆ: "ಕೊನೇಲಿ ಇದಕ್ಕೆ ಯಾರು ಕೈ ಹಾಕಿದ್ದು? ನಾನೇ ಆಗಿದ್ರೂ ಹೇಳಿ." ಗಾಡಿಗಳ ಯಜಮಾನರು ಮೊದಲಿಗಿಂತ ಬೇಗ ನಿಜ ಹೇಳುತ್ತಾರಂತೆ. ಅಮ್ಮನ ಲಾರಿಯ ಆ ಸಣ್ಣ ಪೈಪಿನ ತುದಿಯಲ್ಲಿ ಇವತ್ತಿಗೂ ಒಂದು ಕೆಂಪು ದಾರ ತೂಗಾಡುತ್ತಿದೆ, ಬಿರಡೆಯಿಲ್ಲದೆ, ಬರಿದೇ.

ತಪ್ಪು ಹುಡುಕಬಲ್ಲವರು ಲೋಕದಲ್ಲಿ ಕಡಿಮೆಯೇನಿಲ್ಲ. ಅದಕ್ಕೆ ಚುರುಕಾದ ಕಣ್ಣು, ತುಸು ತಾಳ್ಮೆ ಸಾಕು. ಆದರೆ ಹುಡುಕುತ್ತ ಹೋದ ದಾರಿ ಸುತ್ತಿ ಬಳಸಿ ತಮ್ಮದೇ ಹೊಸ್ತಿಲಿಗೆ ಬಂದು ನಿಂತಾಗ, ಇದು ಬೇರೆಯವರ ಮನೆಯಿರಬೇಕೆಂದು ಮುಂದೆ ನಡೆಯದೆ, ಬಾಗಿಲು ತೆರೆದು, ಆ ತಪ್ಪನ್ನು ಒಳಗೆ ಕರೆದು, ಉಳಿದವರ ತಪ್ಪುಗಳ ಸಾಲಿನಲ್ಲಿ, ಅದೇ ಅಳತೆಯ ಅಕ್ಷರಗಳ ಚೀಟಿ ಅಂಟಿಸಿ, ಬೆಳಕು ಬೀಳುವ ಕಡೆ ಕೂರಿಸುವವರು ಬೇರೆಯೇ ಜಾತಿಯ ಜನ. ಇಂಥವರ ಕೈಯಲ್ಲೂ ಮರೆವಾಗುತ್ತದೆ, ಇಂಥವರ ಪಟ್ಟಿಯಲ್ಲೂ ಹದಿನೇಳನೆಯದು ಬಿಟ್ಟುಹೋಗುತ್ತದೆ. ಆದರೂ ನಮ್ಮ ಗಾಡಿಗಳನ್ನು ನಾವು ಅವರಿಗೇ ಒಪ್ಪಿಸಿ ನಿಶ್ಚಿಂತರಾಗಿರುತ್ತೇವೆ. ಅವರು ತಪ್ಪುವುದಿಲ್ಲವೆಂದು ಅಲ್ಲ, ತಪ್ಪಿದರೆ ಕಿಟಕಿಯಲ್ಲಿ ಕಾಣುತ್ತದೆಂದು.